ಮುಂದಿನ ಪುಟ ಬರುವ ತನಕ

ಧಾರಾವಾಹಿ ಓದುವವರು ಹೆಚ್ಚು ಹೊತ್ತು ಕಳೆಯುವುದು ಎರಡು ಕಂತುಗಳ ನಡುವಿನ ಬಿಡುವಿನಲ್ಲಿ. ಓದುವುದಕ್ಕೆ ಹತ್ತು ನಿಮಿಷ ಸಾಕು, ಕಾಯುವುದಕ್ಕೆ ಒಂದು ವಾರ. ಆ ವಾರವಿಡೀ ನಾವು ಮಾಡುವ ಕೆಲಸಕ್ಕೆ ಊಹೆ ಎಂದು ಹೆಸರು. 1983ರಲ್ಲಿ ಮಣಿಪಾಲದಿಂದ ಶುರುವಾದ ‘ತರಂಗ’ದ ಧಾರಾವಾಹಿಗಳನ್ನು ಹಿಂಬಾಲಿಸುತ್ತಿದ್ದ ನಮ್ಮ ಅಮ್ಮಂದಿರು, ಚಿಕ್ಕಮ್ಮಂದಿರು ಇದನ್ನು ಅಡುಗೆಮನೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಮಾಡುತ್ತಿದ್ದರು. ಇವತ್ತು ಮೊಬೈಲಿನಲ್ಲಿ ವೆಬ್‌ಕಾಮಿಕ್ ಓದುವವರು ಮಾಡುವುದೂ ಇದನ್ನೇ. ‘ಅವನು ಒಳ್ಳೆಯವನೇ, ನೋಡ್ತಾ ಇರು’ ಎಂದು ಒಬ್ಬರು. ‘ಮೊದಲ ಪುಟದಿಂದಲೇ ನನಗೆ ಅವನ ಮೇಲೆ ಅನುಮಾನ’ ಎಂದು ಇನ್ನೊಬ್ಬರು.

ಇದು ನಿರುಪದ್ರವಿ ಆಟ ಎಂದೇ ನಮ್ಮೆಲ್ಲರ ನಂಬಿಕೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇನ್ನೂ ಮುಗಿಯದ ಒಬ್ಬ ವ್ಯಕ್ತಿಯ ಬಗ್ಗೆ, ಆ ವ್ಯಕ್ತಿ ಕಲ್ಪಿತವೇ ಇರಲಿ, ಊಹೆ ಮಾಡುವವರಿಗೆ ಅವನ ಬಗ್ಗೆ ಏನಾದರೂ ಹೊಣೆ ಇದೆಯೇ?

ಈ ಪ್ರಶ್ನೆಗೆ ಬೇಕಾದ ಒಳ್ಳೆಯ ಉದಾಹರಣೆ ‘ಗರ್ಲ್ ಜೀನಿಯಸ್’ ಎಂಬ ವೆಬ್‌ಕಾಮಿಕ್. ಅಮೆರಿಕದ ಫಿಲ್ ಮತ್ತು ಕಾಯಾ ಫೋಗ್ಲಿಯೊ ದಂಪತಿ ಇದನ್ನು 2001ರಲ್ಲಿ ಅಚ್ಚಿನ ಕಾಮಿಕ್ ಪುಸ್ತಕವಾಗಿ ಶುರು ಮಾಡಿದರು. 2005ರ ಏಪ್ರಿಲಿನಿಂದ ಅದು ಅಂತರ್ಜಾಲಕ್ಕೆ ಬಂತು. ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಪುಟ. ವರ್ಷಕ್ಕೆ ಸುಮಾರು ನೂರೈವತ್ತು. ಚಿತ್ರಕಥೆಗಳಿಗೆಂದು ಹ್ಯೂಗೊ ಪ್ರಶಸ್ತಿ ಹೊಸ ವಿಭಾಗ ತೆರೆದಾಗ 2009, 2010, 2011 ಮೂರೂ ವರ್ಷ ಅದು ಈ ಕೃತಿಗೇ ಸಂದಿತು; ಮರುವರ್ಷ ದಂಪತಿ ತಾವಾಗಿಯೇ ಸ್ಪರ್ಧೆಯಿಂದ ಹಿಂದೆ ಸರಿದರು. ಹಬೆಯಂತ್ರ, ಹಲ್ಲುಚಕ್ರ, ಆಕಾಶದಲ್ಲಿ ತೇಲುವ ಕೋಟೆಯಂಥ ಹಡಗು ಇವೆಲ್ಲ ತುಂಬಿದ ಈ ಬಗೆಯ ಕಥೆಗಳನ್ನು ಸಾಮಾನ್ಯವಾಗಿ ಸ್ಟೀಮ್‌ಪಂಕ್ ಎನ್ನುತ್ತಾರೆ. ಕಾಯಾ ಫೋಗ್ಲಿಯೊ ಮಾತ್ರ ತಮ್ಮದನ್ನು ‘ಗ್ಯಾಸ್‌ಲ್ಯಾಂಪ್ ಫ್ಯಾಂಟಸಿ’ ಎಂದು ಕರೆದುಕೊಂಡರು.

ಅಲ್ಲಿನ ಯುರೋಪಿನಲ್ಲಿ ಕೆಲವರು ಹುಟ್ಟಿನಿಂದಲೇ ‘ಸ್ಪಾರ್ಕ್’ಗಳು, ಅಂದರೆ ಹುಚ್ಚು ವಿಜ್ಞಾನಿಗಳು. ಅವರ ತಲೆಗೆ ಒಂದು ಯೋಚನೆ ಹೊಕ್ಕರೆ ಊಟ, ನಿದ್ದೆ, ನೆರೆಮನೆಯವರ ಪ್ರಾಣ ಯಾವುದೂ ಲೆಕ್ಕಕ್ಕಿಲ್ಲ. ಇಂಥವರ ಜಗಳಗಳಿಂದ ನುಚ್ಚುನೂರಾದ ಖಂಡದ ಮೇಲೆ ಬ್ಯಾರನ್ ಕ್ಲೌಸ್ ವುಲ್ಫೆನ್‌ಬಾಕ್ ಎಂಬವನು ಬಲವಂತದ ಶಾಂತಿ ಹೇರಿದ್ದಾನೆ. ಆಗಥಾ ಎಂಬ ಹುಡುಗಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಮುಟ್ಟಿದ್ದೆಲ್ಲ ಕೆಡಿಸುವವಳು ಎಂದು ಹೆಸರಾದವಳು. ಕೊರಳಲ್ಲಿದ್ದ ಪದಕವೊಂದು ಕಳುವಾದ ಮೇಲೆ ಅವಳೇ ದೊಡ್ಡ ಸ್ಪಾರ್ಕ್ ಎಂಬುದು ಹೊರಬೀಳುತ್ತದೆ; ಆ ಪದಕ ಅಷ್ಟು ವರ್ಷ ಅವಳ ಬುದ್ಧಿಯನ್ನು ಅದುಮಿಟ್ಟಿತ್ತು.

ಓದುಗರ ಊಹೆಗಳೆಲ್ಲ ಈ ಇಬ್ಬರ ಸುತ್ತ ಸುತ್ತುತ್ತವೆ. ಬ್ಯಾರನ್ ದಬ್ಬಾಳಿಕೆಯವನೋ, ಬೇರೆ ದಾರಿ ಕಾಣದೆ ಭಾರ ಹೊತ್ತವನೋ? ಮುಂದೊಂದು ಘಟ್ಟದಲ್ಲಿ ಆಗಥಾಳ ದೇಹದೊಳಕ್ಕೆ ಅವಳ ತಾಯಿ ಲುಕ್ರೀಜಿಯಾಳ ಮನಸ್ಸು ಹೊಕ್ಕುಬಿಡುತ್ತದೆ. ಅಲ್ಲಿಂದಾಚೆಗೆ ಆಗಥಾ ಮಾತಾಡಿದಾಗ ಮಾತಾಡುತ್ತಿರುವವರು ಯಾರು? ತುಟಿಯ ಒಂದು ಕೊಂಕು, ಹುಬ್ಬಿನ ಒಂದು ಏರಿಕೆ, ಹಿನ್ನೆಲೆಯಲ್ಲಿ ಬರೆದ ಒಂದು ಸಣ್ಣ ಚಿಹ್ನೆ ಎಲ್ಲವೂ ಸಾಕ್ಷಿಯಾಗುತ್ತವೆ. ಶುಕ್ರವಾರದ ಪುಟಕ್ಕೂ ಸೋಮವಾರದ ಪುಟಕ್ಕೂ ನಡುವೆ ಒಂದು ಪುಟ್ಟ ನ್ಯಾಯಾಲಯವೇ ನಡೆದುಹೋಗುತ್ತದೆ.

ನ್ಯಾಯಾಲಯ ಎಂದದ್ದು ಬರಿಯ ಮಾತಿಗಲ್ಲ. ಚಾರ್ಲ್ಸ್ ಡಿಕನ್ಸ್ 1870ರ ಜೂನ್ 9ರಂದು ತೀರಿಕೊಂಡಾಗ ಅವನ ಕೊನೆಯ ಧಾರಾವಾಹಿ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಹನ್ನೆರಡು ಕಂತುಗಳ ಯೋಜನೆಯಲ್ಲಿ ಆರಕ್ಕೇ ನಿಂತುಹೋಯಿತು. ಡ್ರೂಡ್ ಕಾಣೆಯಾಗಿದ್ದಾನೆ, ಅವನ ಮಾವ ಜಾನ್ ಜಾಸ್ಪರ್ ಮೇಲೆ ಅನುಮಾನ, ಉತ್ತರ ಹೇಳಬೇಕಾದವನು ಮಣ್ಣಾಗಿದ್ದಾನೆ. ಓದುಗರು ಸುಮ್ಮನಿರಲಿಲ್ಲ. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಡಿಕನ್ಸ್ ಅಭಿಮಾನಿಗಳು ಜಾಸ್ಪರನ ಮೇಲೆ ಕೊಲೆಯ ವಿಚಾರಣೆಯನ್ನೇ ನಡೆಸಿದರು. ಜಿ. ಕೆ. ಚೆಸ್ಟರ್‌ಟನ್ ನ್ಯಾಯಾಧೀಶ, ಬರ್ನಾರ್ಡ್ ಶಾ ಪಂಚರ ಮುಖ್ಯಸ್ಥ. ವಕೀಲರು ಗಂಭೀರವಾಗಿ ವಾದಿಸಿದರು, ಸಾಕ್ಷಿಗಳು ಬಂದು ಹೇಳಿಕೆ ಕೊಟ್ಟರು. ಪಂಚರು ಕೊಲೆಯ ಆರೋಪವನ್ನು ಒಂದು ಮೆಟ್ಟಿಲು ಇಳಿಸಿ, ಉದ್ದೇಶವಿಲ್ಲದ ಹತ್ಯೆ ಎಂದು ತೀರ್ಪಿತ್ತರು. ಚೆಸ್ಟರ್‌ಟನ್ ಕೊನೆಗೆ ತನ್ನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ನ್ಯಾಯಾಂಗ ನಿಂದನೆಯ ದಂಡ ಹಾಕಿ ನಗಿಸಿದ.

ಆ ನಗುವಿನಲ್ಲಿ ಒಂದು ವಿವೇಕವಿದೆ. ಉತ್ತರ ಹೇಳುವವನೇ ಇಲ್ಲದಿರುವಾಗ ನಮ್ಮ ತೀರ್ಪಿಗೆ ನಾವೇ ಸ್ವಲ್ಪ ದಂಡ ಕಟ್ಟಬೇಕು ಎಂಬುದು ಚೆಸ್ಟರ್‌ಟನ್‌ಗೆ ಗೊತ್ತಿದ್ದಂತಿದೆ. ಊಹೆಯೊಂದು ತೀರ್ಪಾಗಿ ಗಟ್ಟಿಯಾಗುವ ಕ್ಷಣವನ್ನು ಅವನು ತಮಾಷೆಯಿಂದ ಸಡಿಲಿಸಿಬಿಟ್ಟ.

ಎಲ್ಲ ಊಹೆಗಾರರೂ ಅಷ್ಟು ಹಗುರವಾಗಿ ಬಿಟ್ಟುಕೊಡುವುದಿಲ್ಲ. ಬ್ಯಾರನ್ ದುಷ್ಟ ಎಂದು ಒಮ್ಮೆ ನಿಶ್ಚಯಿಸಿಕೊಂಡ ಓದುಗನನ್ನು ಗಮನಿಸಿ. ಬ್ಯಾರನ್ ಕ್ರೌರ್ಯ ತೋರಿದರೆ ‘ನೋಡಿದಿರಾ?’ ಎನ್ನುತ್ತಾನೆ. ದಯೆ ತೋರಿದರೆ ‘ನಾಟಕ’ ಎನ್ನುತ್ತಾನೆ. ಸುಮ್ಮನಿದ್ದರೆ ‘ಸಂಚು ಹೂಡುತ್ತಿದ್ದಾನೆ’ ಎನ್ನುತ್ತಾನೆ. ಮೂರು ಸಾವಿರ ಪುಟ ಬಂದರೂ ಆ ಊಹೆಗೆ ಒಂದು ಗೀರೂ ಬೀಳುವುದಿಲ್ಲ. ಓದುಗನಿಗೆ ಇದು ತನ್ನ ಜಾಣತನದ ಪುರಾವೆ.

ಕಾರ್ಲ್ ಪಾಪರ್ ಎಂಬ ತತ್ತ್ವಜ್ಞಾನಿಗೆ ಇದೇ ಬಗೆಯ ಅನುಭವ 1919ರಲ್ಲಿ ವಿಯೆನ್ನಾದಲ್ಲಿ ಆಗಿತ್ತು. ಆಗ ಅವನು ಮನೋವಿಜ್ಞಾನಿ ಆಲ್‌ಫ್ರೆಡ್ ಆಡ್ಲರನ ಹತ್ತಿರ ಕೆಲಸ ಮಾಡುತ್ತಿದ್ದ. ಆಡ್ಲರನ ಸಿದ್ಧಾಂತಕ್ಕೆ ಒಗ್ಗದಂತೆ ಕಂಡ ಒಂದು ಮಗುವಿನ ಸಂಗತಿಯನ್ನು ಅವನಿಗೆ ಹೇಳಿದ. ಆಡ್ಲರ್ ಮಗುವನ್ನು ನೋಡಿಯೇ ಇರಲಿಲ್ಲ. ಆದರೂ ಕ್ಷಣಮಾತ್ರದಲ್ಲಿ ಅದನ್ನು ತನ್ನ ಕೀಳರಿಮೆಯ ಸಿದ್ಧಾಂತದೊಳಗೆ ಕೂರಿಸಿಬಿಟ್ಟ. ಅಷ್ಟು ಖಾತ್ರಿ ಎಲ್ಲಿಂದ ಎಂದು ಕೇಳಿದರೆ, ಸಾವಿರ ಸಲದ ಅನುಭವ ಎಂಬ ಉತ್ತರ. ಈಗ ಅದು ಸಾವಿರದ ಒಂದಾಯಿತಲ್ಲ ಎಂದು ಪಾಪರ್ ಕುಟುಕಿದ. ಯಾವುದರಿಂದಲೂ ಸುಳ್ಳಾಗದ ಸಿದ್ಧಾಂತ ವಿಜ್ಞಾನವಲ್ಲ ಎಂಬ ಅವನ ಪ್ರಸಿದ್ಧ ವಾದದ ಹಿಂದೆ ಈ ಮಗುವೂ ಇದೆ.

ಪಾಪರ್ ಇದನ್ನು ವಿಜ್ಞಾನದ ದೋಷವೆಂದು ಎತ್ತಿ ತೋರಿಸಿದ. ನನಗೆ ಅದರಲ್ಲಿ ಒಂದು ನೈತಿಕ ದೋಷವೂ ಕಾಣುತ್ತದೆ. ಅಲ್ಲಿ ಒಂದು ಮಗು ಇತ್ತು. ಆ ಮಗು ಏನು ಮಾಡಿದ್ದರೂ, ಏನು ಹೇಳಿದ್ದರೂ ಆಡ್ಲರನ ಅಭಿಪ್ರಾಯವನ್ನು ಕದಲಿಸಲು ಅದಕ್ಕೆ ಸಾಧ್ಯವಿರಲಿಲ್ಲ. ಒಬ್ಬರ ಬಗ್ಗೆ ನಾವು ಕಟ್ಟಿಕೊಂಡ ಚಿತ್ರವನ್ನು ಬದಲಿಸುವ ಶಕ್ತಿಯನ್ನು ಅವರಿಂದಲೇ ಕಿತ್ತುಕೊಳ್ಳುವುದು ಸಣ್ಣ ಅನ್ಯಾಯವಲ್ಲ.

ಈಗ ಹುಚ್ಚು ವಿಜ್ಞಾನಿಯ ಹುಚ್ಚು ಯಾವುದು ಎಂದು ಕೇಳಿಕೊಳ್ಳಬಹುದು. ಅವನಿಗೆ ಬುದ್ಧಿ ಕಡಿಮೆಯಿಲ್ಲ, ಶ್ರದ್ಧೆ ಕಡಿಮೆಯಿಲ್ಲ, ಕುತೂಹಲವಂತೂ ಮಿತಿಮೀರಿದೆ. ಇಲ್ಲದಿರುವುದು ಒಂದೇ: ಎದುರಿಗಿರುವ ವಸ್ತು ‘ನೀನು ತಿಳಿದದ್ದು ತಪ್ಪು’ ಎಂದಾಗ ಕೇಳಿಸಿಕೊಳ್ಳುವ ಕಿವಿ. ವಿಜ್ಞಾನಿಯೂ ಊಹಿಸುತ್ತಾನೆ, ಆಮೇಲೆ ಜಗತ್ತಿನ ಉತ್ತರಕ್ಕೆ ಕಾಯುತ್ತಾನೆ. ಹುಚ್ಚು ವಿಜ್ಞಾನಿ ಊಹಿಸುತ್ತಾನೆ, ಆಮೇಲೆ ಜಗತ್ತನ್ನೇ ಊಹೆಯ ಅಳತೆಗೆ ಕತ್ತರಿಸುತ್ತಾನೆ. ಕಾಮಿಕ್‌ನ ಒಳಗೇ ಇದಕ್ಕೆ ಉದಾಹರಣೆಯಿದೆ. ಆಗಥಾಳ ಬಾಯಿಂದ ಅವಳ ತಾಯಿ ಮಾತಾಡಿದ್ದನ್ನು ಬ್ಯಾರನ್ ಕಣ್ಣಾರೆ ಕಂಡಿದ್ದಾನೆ. ಅವನ ಹತ್ತಿರ ಸಾಕ್ಷಿಯಿದೆ, ಕಾರಣವಿದೆ. ಅಲ್ಲಿಂದ ಮುಂದೆ ಅವನ ಪಾಲಿಗೆ ಆಗಥಾ ಎಂಬವಳೇ ಇಲ್ಲ, ಇರುವುದು ಲುಕ್ರೀಜಿಯಾ ಮಾತ್ರ. ಆ ಹುಡುಗಿ ಒಳಗೊಳಗೇ ತಾಯಿಯೊಂದಿಗೆ ಹೋರಾಡುತ್ತಿದ್ದಾಳೆ ಎಂಬುದು ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಅವನ ಆ ಖಾತ್ರಿಗೆ ಒಂದಿಡೀ ಊರು ಬೆಲೆ ತೆರುತ್ತದೆ. ಕಾಲವೇ ನಿಂತುಹೋದಂತೆ ಅವನು ಆ ಊರನ್ನು ಸ್ತಂಭಿಸಿಬಿಡುತ್ತಾನೆ. ಬ್ಯಾರನ್ ಬಗ್ಗೆ ತೀರ್ಪು ಕೊಟ್ಟು ಕೂತ ಓದುಗನಿಗೂ ಆಗಥಾಳ ಬಗ್ಗೆ ತೀರ್ಪು ಕೊಟ್ಟು ಕೂತ ಬ್ಯಾರನ್‌ಗೂ ಏನು ವ್ಯತ್ಯಾಸ? ಒಬ್ಬನ ಕೈಯಲ್ಲಿ ಯಂತ್ರವಿದೆ, ಇನ್ನೊಬ್ಬನ ಕೈಯಲ್ಲಿ ಇಲ್ಲ, ಅಷ್ಟೇ.

ಹಾಗಾದರೆ ಊಹಿಸುವುದನ್ನೇ ಬಿಡಬೇಕೇ? ಬಿಡಲಾಗದು, ಬಿಡಬಾರದು ಕೂಡ. ಊಹಿಸದವನು ಗಮನಿಸುವುದೂ ಇಲ್ಲ. ಕೇಳಬೇಕಾದದ್ದು, ಒಳ್ಳೆಯ ಊಹೆಗೆ ಯಾವ ಶಿಸ್ತು ಬೇಕು ಎಂದು. ಅಂಥದೊಂದು ಶಿಸ್ತು ನಮ್ಮ ಕರಾವಳಿಯಲ್ಲಿ ಬಹಳ ಕಾಲದಿಂದ ಇದೆ.

ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ತಾಳಮದ್ದಳೆಯ ಕೂಟಗಳು ಶುರುವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ್ಯಕ್ಕೆ ಮಾತು ಕಟ್ಟುತ್ತಾರೆ. ಪದ್ಯ ಬದಲಾಗುವುದಿಲ್ಲ, ಮಾತು ಯಾರೂ ಬರೆದುಕೊಟ್ಟದ್ದಲ್ಲ. ವಾಲಿ ಸಾಯುತ್ತಾನೆ, ಸಂಧಾನ ಮುರಿಯುತ್ತದೆ ಎಂಬುದು ಎದುರು ಕೂತ ಮಕ್ಕಳಿಗೂ ಗೊತ್ತು. ಆದರೂ ಕೂಟಕ್ಕೆ ಮುಂಚೆ ಜನ ಕೇಳುವುದು ‘ಇವತ್ತು ವಾಲಿ ಯಾರದ್ದು? ರಾಮ ಯಾರದ್ದು?’ ಎಂದು. ಏನಾಗುತ್ತದೆ ಎಂಬ ಊಹೆಗೆ ಇಲ್ಲಿ ಎಡೆಯೇ ಇಲ್ಲ. ಯಾಕೆ ಹಾಗಾಯಿತು, ಆಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದರ ಬಗ್ಗೆಯೇ ಊಹೆಯೆಲ್ಲ.

ಹುಚ್ಚು ವಿಜ್ಞಾನಿಗಳ ಕಥೆಗೆ ತೀರ ಹತ್ತಿರದ ಪ್ರಸಂಗವೊಂದು ನಮ್ಮಲ್ಲಿದೆ: ಕಚ-ದೇವಯಾನಿ. ಶುಕ್ರಾಚಾರ್ಯರಲ್ಲಿ ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ವಿದ್ಯೆ ಇದೆ. ಅದರ ಲಾಭ ಅಸುರರಿಗೆ ಮಾತ್ರ. ಅದನ್ನು ಕಲಿತುಬರಲು ದೇವತೆಗಳು ಬೃಹಸ್ಪತಿಯ ಮಗ ಕಚನನ್ನು ಶಿಷ್ಯನಾಗಿ ಕಳಿಸುತ್ತಾರೆ, ಗುರುಪುತ್ರಿ ದೇವಯಾನಿಯ ಮನಸ್ಸು ಗೆಲ್ಲು ಎಂಬ ಸೂಚನೆಯೊಂದಿಗೆ. ಅಸುರರು ಅವನನ್ನು ಕೊಂದು ತೋಳಗಳಿಗೆ ಹಾಕುತ್ತಾರೆ. ಅರೆದು ಸಮುದ್ರಕ್ಕೆ ಕದಡುತ್ತಾರೆ. ಕೊನೆಗೆ ಸುಟ್ಟು ಬೂದಿಯನ್ನು ಮದ್ಯದಲ್ಲಿ ಬೆರೆಸಿ ಶುಕ್ರರಿಗೇ ಕುಡಿಸುತ್ತಾರೆ. ಪ್ರತಿಸಲವೂ ದೇವಯಾನಿ ತಂದೆಯ ಮುಂದೆ ಅತ್ತು ಅವನನ್ನು ಬದುಕಿಸಿಕೊಳ್ಳುತ್ತಾಳೆ. ಮೂರನೆಯ ಸಲ ಹೊಟ್ಟೆಯೊಳಗಿದ್ದ ಶಿಷ್ಯನಿಗೆ ಗುರು ವಿದ್ಯೆ ಕಲಿಸುತ್ತಾನೆ; ಶಿಷ್ಯ ಹೊಟ್ಟೆ ಸೀಳಿ ಹೊರಬಂದು ಗುರುವನ್ನು ಬದುಕಿಸುತ್ತಾನೆ. ವಿದ್ಯೆ ಸಿಕ್ಕಿತು. ಹೊರಟುನಿಂತ ಕಚನನ್ನು ದೇವಯಾನಿ ಮದುವೆಯಾಗು ಎನ್ನುತ್ತಾಳೆ. ನಿನ್ನ ತಂದೆಯ ಹೊಟ್ಟೆಯಿಂದ ಬಂದ ನಾನು ನಿನಗೆ ಅಣ್ಣನಾದೆ ಎಂದು ಅವನು ಒಲ್ಲೆನೆನ್ನುತ್ತಾನೆ. ಶಾಪಕ್ಕೆ ಪ್ರತಿಶಾಪ ಹುಟ್ಟುತ್ತದೆ.

ಕಚ ಅವಳನ್ನು ಪ್ರೀತಿಸಿದ್ದನೋ, ಬಳಸಿಕೊಂಡಿದ್ದನೋ? ಎರಡು ಸಾವಿರ ವರ್ಷ ಕಳೆದರೂ ಈ ಊಹೆ ಬಗೆಹರಿದಿಲ್ಲ. ಕಚನಾಗಿ ಕೂತ ಅರ್ಥಧಾರಿ ಅವನನ್ನು ಕರ್ತವ್ಯಕ್ಕಾಗಿ ಎದೆಯನ್ನು ಕಲ್ಲುಮಾಡಿಕೊಂಡವನಾಗಿ ಕಟ್ಟಬಹುದು, ದೇವಲೋಕದ ಚತುರ ಗೂಢಚಾರನಾಗಿಯೂ ಕಟ್ಟಬಹುದು. ಆದರೆ ಮೂರು ಕಟ್ಟುಪಾಡುಗಳಿಂದ ಅವನು ತಪ್ಪಿಸಿಕೊಳ್ಳಲಾರ. ಒಂದು, ಪದ್ಯವನ್ನು ಮೀರುವಂತಿಲ್ಲ. ಎರಡು, ಎದುರಿಗೆ ದೇವಯಾನಿ ಜೀವಂತವಾಗಿ ಕೂತಿದ್ದಾಳೆ; ಅವನ ಪ್ರತಿಯೊಂದು ಸಮರ್ಥನೆಗೂ ಅವಳಿಂದ ಅಲ್ಲೇ ಮರುಪ್ರಶ್ನೆ ಬರುತ್ತದೆ. ಮೂರು, ನಾಳಿನ ಕೂಟದಲ್ಲಿ ಬೇರೊಬ್ಬ ಕಚ ಬೇರೊಂದು ಮನಸ್ಸು ಹೊತ್ತು ಬರುತ್ತಾನೆ, ಇವತ್ತಿನ ಚಪ್ಪಾಳೆ ಅಲ್ಲಿ ನಡೆಯುವುದಿಲ್ಲ. ಇವತ್ತಿನ ಕಚನೇ ನಾಳೆ ಶುಕ್ರರ ಅರ್ಥ ಹೇಳಬೇಕಾಗಿ ಬಂದು, ನಿನ್ನೆ ತಾನು ಹೂಡಿದ ವಾದವನ್ನು ಇನ್ನೊಂದು ಬದಿಯಿಂದ ಎದುರಿಸಬೇಕಾಗುವುದೂ ಉಂಟು.

ನ್ಯಾಯಶಾಸ್ತ್ರದವರು ಚರ್ಚೆಯಲ್ಲಿ ಮೂರು ಬಗೆ ಹೇಳುತ್ತಾರೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಹೇಳದೆ ಎದುರಾಳಿಯದನ್ನು ಕೆಡವಲಷ್ಟೇ ಮಾಡುವುದು ವಿತಂಡ. ಕೂಟ ಜಲ್ಪಕ್ಕೆ ಜಾರಿದ ರಾತ್ರಿಗಳನ್ನು ಕರಾವಳಿಯ ಪ್ರೇಕ್ಷಕರು ಬೇಕಾದಷ್ಟು ಕಂಡಿದ್ದಾರೆ. ಒಳ್ಳೆಯ ರಾತ್ರಿಗಳಲ್ಲಿ ಮಾತ್ರ ಒಂದು ಅಚ್ಚರಿ ನಡೆಯುತ್ತದೆ: ಕಥೆ ಮುಗಿದಿದ್ದರೂ ವ್ಯಕ್ತಿ ಮುಗಿಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲರನ್ನೂ ‘ಇನ್ನೂ ಮುಗಿಯದವರು’ ಎಂದು ತೆರೆದಿಟ್ಟರೆ ಅನ್ಯಾಯವಾದವರ ಗತಿಯೇನು? ದೇವಯಾನಿ ಕೇಳಬಹುದು: ‘ಅವನ ಮನಸ್ಸಿನ ಸೂಕ್ಷ್ಮಗಳನ್ನು ನೀವು ಬೆಳಗಿನ ತನಕ ಚರ್ಚಿಸಿ, ಮೂರು ಸಲ ಅವನ ಜೀವ ಉಳಿಸಿದ ನಾನು ಇಲ್ಲಿ ಬರಿಗೈಯಲ್ಲಿ ನಿಂತಿದ್ದೇನೆ.’ ಸ್ತಂಭಿಸಿದ ಊರಿನ ಜನ ಬ್ಯಾರನ್ ಬಗ್ಗೆ ಹೀಗೆಯೇ ಕೇಳಬಹುದು. ತೆರೆದ ಮನಸ್ಸು ಎಂಬುದು ಹಲವು ಸಲ ಬಲಿಷ್ಠರಿಗೆ ಸಿಗುವ ರಿಯಾಯಿತಿಯ ಇನ್ನೊಂದು ಹೆಸರು. ಪ್ರತಿಭಾವಂತನ ಒಳತೋಟಿಯ ಬಗ್ಗೆ ನಮಗೆ ಇರುವ ಕುತೂಹಲ, ಅವನ ಪ್ರಯೋಗಕ್ಕೆ ಸಿಕ್ಕವರ ಬಗ್ಗೆ ಇರುವುದಿಲ್ಲ.

ಈ ಆಕ್ಷೇಪವನ್ನು ಒಪ್ಪಿಕೊಂಡೇ ಒಂದು ಗೆರೆ ಎಳೆಯಬೇಕಾಗುತ್ತದೆ. ಕೃತ್ಯಕ್ಕೆ ತೀರ್ಪು ಬೇಕು, ಅದೂ ತಡವಿಲ್ಲದೆ. ಕಚನ ಮನಸ್ಸಿನಲ್ಲಿ ಏನೇ ಇರಲಿ, ದೇವಯಾನಿಯ ನಂಬಿಕೆಯ ಮೇಲೆ ಅವನು ವಿದ್ಯೆ ಗಳಿಸಿದ. ಆ ಸಾಲ ಸಾಲವೇ. ಊರನ್ನು ಸ್ತಂಭಿಸಿದ್ದು ತಪ್ಪು ಎನ್ನಲು ಬ್ಯಾರನ್‌ನ ಅಂತರಂಗದ ಕೊನೆಯ ಪುಟ ಬರುವ ತನಕ ಕಾಯಬೇಕಿಲ್ಲ. ತೀರ್ಪು ಕೃತ್ಯವನ್ನು ದಾಟಿ ‘ಇವನು ಇಂಥವನೇ, ಇನ್ನು ಬೇರೆಯಾಗಲಾರ’ ಎಂದು ವ್ಯಕ್ತಿಯ ಮೇಲೆ ಮೊಹರು ಒತ್ತಿದಾಗ ಮಾತ್ರ ಅದು ತನ್ನ ಹದ್ದು ಮೀರುತ್ತದೆ. ಏನು ಮಾಡಿದ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಇನ್ನು ಏನಾಗಬಲ್ಲ ಎಂಬುದಕ್ಕೆ ಸಾಕ್ಷಿ ಸಿಗುವುದು ಮುಂದಿನ ಕಂತಿನಲ್ಲಿ.

ಇದೆಲ್ಲ ಕಾಮಿಕ್ ಓದುವವರ, ಕೂಟ ಕೇಳುವವರ ವ್ಯವಹಾರ ಮಾತ್ರ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಮಣಿಪಾಲದಂಥ ವಿದ್ಯಾರ್ಥಿಗಳ ಊರಿನಲ್ಲಿ ಮನುಷ್ಯರೂ ಕಂತುಗಳಲ್ಲೇ ಸಿಗುತ್ತಾರೆ. ಎಲ್ಲೆಲ್ಲಿಂದಲೋ ಬಂದವರು, ಅವರ ಹಿಂದಿನ ಅಧ್ಯಾಯ ನಮಗೆ ಗೊತ್ತಿಲ್ಲ. ಮೆಸ್ಸಿನಲ್ಲಿ ಅರ್ಧ ಗಂಟೆ, ಲ್ಯಾಬಿನಲ್ಲಿ ಒಂದು ಮಧ್ಯಾಹ್ನ, ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಒಂದು ಫೋಟೋ. ಉಳಿದದ್ದನ್ನು ನಾವು ತುಂಬಿಕೊಳ್ಳುತ್ತೇವೆ. ಸೆಮಿಸ್ಟರಿನ ನಡುವೆ ಯಾರಾದರೂ ಹಠಾತ್ತಾಗಿ ಊರಿಗೆ ಹೋದರೆ ಸಂಜೆಯೊಳಗೆ ಕಾಫಿಯ ಜೊತೆ ಮೂರು ಕಾರಣಗಳು ಸಿದ್ಧವಾಗುತ್ತವೆ. ಹದಿನೈದು ದಿನ ಬಿಟ್ಟು ಆ ವ್ಯಕ್ತಿ ಮರಳಿ ಬಂದಾಗ ಅವಳಿಗಾಗಿ ಕಾದಿರುವುದು ಅವಳಿಲ್ಲದಾಗ ಬರೆದು ಮುಗಿಸಿದ ಅವಳದೇ ಕಥೆ. ನಕ್ಕರೆ ‘ಮುಚ್ಚಿಡುತ್ತಿದ್ದಾಳೆ’, ಅತ್ತರೆ ‘ನಾವು ಹೇಳಿರಲಿಲ್ಲವೇ?’ ಕಾಮಿಕ್‌ನ ಪಾತ್ರಕ್ಕೆ ಕನಿಷ್ಠ ಪಕ್ಷ ಅದರ ಲೇಖಕರಿದ್ದಾರೆ. ಓದುಗರ ಊಹೆ ಏನೇ ಇರಲಿ, ಸೋಮವಾರದ ಪುಟ ತನ್ನ ದಾರಿಯಲ್ಲೇ ಬರುತ್ತದೆ. ಈ ಹುಡುಗಿಯ ಮುಂದಿನ ಪುಟವನ್ನು ಬರೆಯಬೇಕಾದವಳು ಅವಳೇ. ನಮ್ಮ ಖಾತ್ರಿ ಅವಳ ಕೈಯಿಂದ ಲೇಖನಿಯನ್ನೇ ಕಸಿದುಕೊಳ್ಳಬಲ್ಲದು.

ಕನ್ನಡದಲ್ಲಿ ಹುಚ್ಚು ವಿಜ್ಞಾನಿಗೆ ಸರಿಯಾದ ಎದುರುಮಾತು ಬೇಕೆಂದರೆ ನನಗೆ ತೋಚುವುದು 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಅಲ್ಲಿನ ವಿಜ್ಞಾನಿ ಕರ್ವಾಲೊ ಕೂಡ ಒಂದು ಊಹೆಯ ಬೆನ್ನು ಹತ್ತಿದವರು: ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದು ಇದೆ ಎಂಬ ಊಹೆ. ಅವರು ಅದಕ್ಕಿಂತ ಮುಂಚೆ ಇನ್ನೊಂದು ಊಹೆ ಮಾಡುತ್ತಾರೆ, ಮನುಷ್ಯನ ಬಗ್ಗೆ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಹಳ್ಳಿಗಮಾರ. ಅದೇ ಮಂದಣ್ಣನಲ್ಲಿ ಕರ್ವಾಲೊಗೆ ಹುಟ್ಟಾ ನಿಸರ್ಗ ವಿಜ್ಞಾನಿ ಕಾಣುತ್ತಾನೆ. ಊರಿನವರು ನೋಡಿದ್ದನ್ನೇ ಅವರೂ ನೋಡಿದ್ದರು. ಅವರ ಊಹೆಯಲ್ಲಿ ಮಂದಣ್ಣ ಬೇರೆಯಾಗಲು ಜಾಗವಿತ್ತು, ಊರಿನ ತೀರ್ಪಿನಲ್ಲಿ ಇರಲಿಲ್ಲ. ಕೊನೆಗೆ ಅಷ್ಟೆಲ್ಲ ಅಲೆದು ಹುಡುಕಿದ ಓತಿ ಕೈಗೆ ಸಿಗದೆ ಪ್ರಪಾತದ ಶೂನ್ಯಕ್ಕೆ ತೇಲಿಹೋಗುತ್ತದೆ. ಹುಚ್ಚು ವಿಜ್ಞಾನಿಯಾಗಿದ್ದರೆ ಆ ಬೆಟ್ಟವನ್ನೇ ಬಲೆ ಮಾಡುತ್ತಿದ್ದ. ಇಲ್ಲಿ ಓತಿ ತಪ್ಪಿಹೋದದ್ದು ಸೋಲು ಎಂದು ಓದುಗನಿಗೆ ಅನ್ನಿಸುವುದೇ ಇಲ್ಲ.

ಊಹೆಗೆ ಬೇಕಾದ ಶಿಸ್ತನ್ನು ಒಂದು ಸಾದಾ ಪ್ರಶ್ನೆಯಲ್ಲಿ ಇಟ್ಟುಕೊಳ್ಳಬಹುದು. ಕಾಮಿಕ್‌ನ ಪಾತ್ರದ ಬಗ್ಗೆ ಇರಲಿ, ಎದುರಿನ ಕೋಣೆಯವರ ಬಗ್ಗೆ ಇರಲಿ, ಖಾತ್ರಿಯಿಂದ ಏನಾದರೂ ಹೇಳುವ ಮುನ್ನ ಕೇಳಿಕೊಳ್ಳಬೇಕು: ನಾನು ಈ ಅಭಿಪ್ರಾಯ ಕೈಬಿಡಬೇಕಾದರೆ ಅವರು ಏನು ಮಾಡಬೇಕು? ಉತ್ತರ ಸಿಕ್ಕರೆ ನಮ್ಮದು ಊಹೆ. ಧಾರಾಳವಾಗಿ ಆಡಬಹುದು, ಸೋತರೆ ನಗಬಹುದು. ‘ಅವರು ಏನು ಮಾಡಿದರೂ ಅಷ್ಟೇ’ ಎಂಬ ಉತ್ತರ ಬಂದರೆ, ಆಗ ನಾವು ಅವರನ್ನು ನೋಡುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಬೇಕು.